ಡಸ್ಟಿ ಇನ್ ಮೆಂಫಿಸ್ (1969): ಹೇಗೆ ಕೇಳಬೇಕು, ಯಾವ ಪ್ರತಿ ಕೊಳ್ಳಬೇಕು, ಅಷ್ಟೊಂದು ಏನಿದೆ ಅದರಲ್ಲಿ?

ಪ್ಲೇಟುಪೆಟ್ಟಿಗೆ:
ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಎಂಬ ಇಂಗ್ಲೆಂಡಿನ ಗಾಯಕಿ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಒಂದೇ ಹಾಡು, ‘ಸನ್ ಆಫ್ ಎ ಪ್ರೀಚರ್ ಮ್ಯಾನ್’. ಅದೂ 1994ರ ‘ಪಲ್ಪ್ ಫಿಕ್ಷನ್’ ಸಿನಿಮಾದ ದೆಸೆಯಿಂದ. ಆ ಹಾಡು ಇರುವ ಪೂರ್ತಿ ಆಲ್ಬಮ್ಮಿಗೆ ಒಂದು ಚರ್ಚೆಯ ಎಳೆ ಬೇಕಿತ್ತು, ಅದಕ್ಕೇ ಇದು.

ಮೊದಲು ಗಟ್ಟಿ ಸಂಗತಿಗಳು. ಹನ್ನೊಂದು ಹಾಡು, ಎರಡು ಮಗ್ಗುಲು ಸೇರಿ 33 ನಿಮಿಷ ಚಿಲ್ಲರೆ. ಅಮೆರಿಕದಲ್ಲಿ ಅಟ್ಲಾಂಟಿಕ್, ಇಂಗ್ಲೆಂಡಿನಲ್ಲಿ ಫಿಲಿಪ್ಸ್. ನಿರ್ಮಾಪಕರು ಮೂವರು: ಜೆರ್ರಿ ವೆಕ್ಸ್ಲರ್, ಟಾಮ್ ಡೌಡ್, ಆರಿಫ್ ಮರ್ಡಿನ್. ವೆಕ್ಸ್ಲರ್ ಪತ್ರಿಕೆಯಲ್ಲಿದ್ದಾಗ ‘ರಿದಮ್ ಅಂಡ್ ಬ್ಲೂಸ್’ ಎಂಬ ಹೆಸರನ್ನು ಚಾಲ್ತಿಗೆ ತಂದವನು. ಡೌಡ್ ಹರೆಯದಲ್ಲಿ ಅಣುಬಾಂಬಿನ ಮ್ಯಾನ್‌ಹಟನ್ ಯೋಜನೆಯಲ್ಲಿ ದುಡಿದು ಬಂದವನು. ಮರ್ಡಿನ್ ಇಸ್ತಾಂಬುಲಿನವನು, ತಂತಿವಾದ್ಯಗಳನ್ನು ಹೆಣೆಯುವವನು. 1968ರ ಸೆಪ್ಟೆಂಬರಿನಲ್ಲಿ ಮೆಂಫಿಸ್ ಊರಿನ 827 ಥಾಮಸ್ ಸ್ಟ್ರೀಟಿನ ಅಮೆರಿಕನ್ ಸೌಂಡ್ ಸ್ಟುಡಿಯೋದಲ್ಲಿ ಕೆಲಸ ಶುರುವಾಯಿತು. ಕೆಲವೇ ತಿಂಗಳ ಮೇಲೆ, 1969ರ ಆರಂಭದಲ್ಲಿ, ಎಲ್ವಿಸ್ ಅದೇ ಕೋಣೆಗೆ ಬಂದು ಅದೇ ವಾದಕರ ಜೊತೆ ‘ಸಸ್ಪಿಷಸ್ ಮೈಂಡ್ಸ್’ ಹಾಡಿದ.

ಬಂದ ಹೊಸತರಲ್ಲಿ ಆಲ್ಬಂ ಓಡಲಿಲ್ಲ. ಬಿಲ್‌ಬೋರ್ಡ್ ಎಂಬ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ 99ಕ್ಕೆ ನಿಂತಿತು. ಪ್ರೀಚರ್ ಮ್ಯಾನ್ ಹಾಡು ಮಾತ್ರ ಅಮೆರಿಕದಲ್ಲಿ 10, ಬ್ರಿಟನ್ನಿನಲ್ಲಿ 9. ಈಗ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ಸಂಗ್ರಹದಲ್ಲೂ ಇದಕ್ಕೆ ಜಾಗ ಸಿಕ್ಕಿದೆ.

ಹೊಸಕಿವಿ:
ಎರಡು ಸಲ ಕೇಳಿದೆ. ಚೆನ್ನಾಗಿದೆ, ಆದರೆ ಎಲ್ಲೂ ಮೈ ಜುಮ್ ಅನ್ನಲಿಲ್ಲ. ಅಮೆರಿಕದ ಗಾಯಕಿ ಅರೀತಾ ಫ್ರಾಂಕ್ಲಿನ್ ಕೇಳಿದ ಕಿವಿಗೆ ಇದು ತಣ್ಣಗಿದೆ. ಎಲ್ಲಿ ತಪ್ಪುತ್ತಿದೆ?

ಅನಾಗತ:
ಅರೀತಾಳ ಅಳತೆಗೋಲು ಹಿಡಿದು ಇದನ್ನು ಅಳೆಯುವುದೇ ತಪ್ಪು. ಅರೀತಾ ಚರ್ಚಿನಿಂದ ಬಂದವಳು, ದನಿಯನ್ನು ಚೆಲ್ಲುತ್ತಾಳೆ. ಡಸ್ಟಿ ತಡೆದು ಹಿಡಿಯುತ್ತಾಳೆ. ಈ ಆಲ್ಬಮ್ಮಿನ ಜೀವ ಇರುವುದೇ ಆ ತಡೆಯಲ್ಲಿ.

ಒಂದು ಪರೀಕ್ಷೆ ಮಾಡಿ. ಮೊದಲು ಅವಳದೇ 1966ರ ‘ಯು ಡೋಂಟ್ ಹ್ಯಾವ್ ಟು ಸೇ ಯು ಲವ್ ಮಿ’ ಕೇಳಿ. ದೊಡ್ಡ ವಾದ್ಯಮೇಳ, ಕೊನೆಗೆ ಗಂಟಲು ಪೂರ್ತಿ ಬಿಚ್ಚಿದ ಹಾಡು. ಅದು ಮುಗಿದ ಕೂಡಲೇ ಈ ಆಲ್ಬಮ್ಮಿನ ‘ಬ್ರೇಕ್‌ಫಸ್ಟ್ ಇನ್ ಬೆಡ್’ ಹಾಕಿ. ಆ ಹಳೆಯ ಹಾಡಿನ ಹೆಸರೇ ಇದರ ಸಾಹಿತ್ಯದೊಳಗೆ ಒಂದು ಸಾಲಾಗಿ ಬರುತ್ತದೆ. ಅಲ್ಲಿ ಕೂಗಿದ್ದನ್ನು ಇಲ್ಲಿ ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಹೇಳುತ್ತಾಳೆ. ಮಾತು ಅದೇ, ಎರಡೇ ವರ್ಷದಲ್ಲಿ ದನಿ ಎಷ್ಟು ಕೆಳಗಿಳಿದಿದೆ ಅಂತ ಗೊತ್ತಾದರೆ ಉಳಿದ ಹಾಡುಗಳ ಬಾಗಿಲು ತಾನಾಗಿ ತೆರೆಯುತ್ತದೆ.

ಇನ್ನೊಂದು, ತಾಳಕ್ಕೂ ಅವಳ ದನಿಗೂ ನಡುವಿನ ಸಂದು. ಎರಡನೇ ಮತ್ತು ನಾಲ್ಕನೇ ಪೆಟ್ಟಿಗೆ ಚಪ್ಪಾಳೆ ಹಾಕುತ್ತ ಕೇಳಿ (ಒಂದು, ಮೂರಕ್ಕೆ ಅಲ್ಲ, ನಮ್ಮವರ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ). ಡ್ರಮ್ಮು, ಬೇಸ್ ಸರಿಯಾಗಿ ಪೆಟ್ಟಿನ ಮೇಲೆ ಕೂತಿರುತ್ತವೆ. ಅವಳ ಪದ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಇದನ್ನು ನಮ್ಮ ಅನಾಗತ ಎಡುಪಿನ (ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು) ಜೊತೆ ಕಲಸಬೇಡಿ. ಅನಾಗತ ಲೆಕ್ಕದ್ದು, ಅಕ್ಷರ ಎಣಿಸಿ ಹೇಳಬಹುದು. ಇದನ್ನು ಎಣಿಸಲು ಬರುವುದಿಲ್ಲ, ಬರಿ ಒರಗು.

ಬೇಸ್‌ತಂತಿ:
ಒರಗುವುದಕ್ಕೆ ಗೋಡೆ ಗಟ್ಟಿಯಿರಬೇಕಲ್ಲ. ಆ ಗೋಡೆಯ ಹೆಸರು ಹೇಳದೆ ಈ ಆಲ್ಬಮ್ಮಿನ ಮಾತು ಮುಗಿಯದು: ಬೇಸ್‌ನಲ್ಲಿ ಟಾಮಿ ಕಾಗ್‌ಬಿಲ್, ಡ್ರಮ್ಸ್ ಜೀನ್ ಕ್ರಿಸ್ಮನ್, ಗಿಟಾರ್ ರೆಜ್ಜಿ ಯಂಗ್, ಆರ್ಗನ್ ಮತ್ತು ಪಿಯಾನೋದಲ್ಲಿ ಬಾಬಿ ಎಮನ್ಸ್, ಬಾಬಿ ವುಡ್. ಅರೀತಾಳ ‘ರೆಸ್ಪೆಕ್ಟ್’ನ ಬೇಸ್ ಕೂಡ ಇದೇ ಕಾಗ್‌ಬಿಲ್‌ದು. ಹಿಂದಿನಿಂದ ಹಾಡುವವರು ಸ್ವೀಟ್ ಇನ್‌ಸ್ಪಿರೇಷನ್ಸ್. ವಿಟ್ನಿ ಹ್ಯೂಸ್ಟನ್ನಳ ತಾಯಿ ಸಿಸ್ಸಿ ಇದ್ದ ತಂಡ ಅದು.

ಪ್ರೀಚರ್ ಮ್ಯಾನ್ ನುಡಿಸಲು ಹೊರಡುವ ಹುಡುಗರು ಮಾಡುವ ತಪ್ಪುಗಳು ಇವು. ಆಂಪ್ಲಿಫೈಯರಿಗೆ ಡಿಸ್ಟಾರ್ಷನ್ (ಸದ್ದನ್ನು ಒಡೆದು ಗರಗರ ಅನ್ನಿಸುವುದು) ಹಾಕುತ್ತಾರೆ. ಬೇಡ, ತಂತಿಯ ಸದ್ದು ಶುದ್ಧವಾಗಿರಲಿ, ವಾಲ್ಯೂಮು ಕಮ್ಮಿ ಇರಲಿ. ಆರಂಭದ ಗಿಟಾರ್ ತುಣುಕನ್ನು ಬಾರಿ ಬಾರಿಗೂ ತುರುಕುತ್ತಾರೆ. ರೆಜ್ಜಿ ಯಂಗ್ ಹಾಡುಗಾರ್ತಿ ಬಾಯಿ ತೆರೆದ ಕೂಡಲೇ ಜಾಗ ಬಿಟ್ಟು ಸರಿಯುತ್ತಾನೆ, ಅವಳು ಉಸಿರು ತೆಗೆದುಕೊಳ್ಳುವಾಗ ಮಾತ್ರ ಎರಡು ಸ್ವರ ಇಡುತ್ತಾನೆ. ಇನ್ನು ವೇಗ: ಮದುವೆ ಬ್ಯಾಂಡಿನವರು ನಿಮಿಷಕ್ಕೆ ನೂರು ಪೆಟ್ಟಿನ ಮೇಲೆ ಓಡಿಸುತ್ತಾರೆ, ಅಲ್ಲಿಗೆ ಹಾಡು ಸತ್ತಿತು. ತೊಂಬತ್ತರ ಕೆಳಗೇ ಇಡಿ.

ಶ್ರುತಿಯ ವಿಷಯ: ಹಾಡು ಇ ಮೇಜರ್‌ನಲ್ಲಿ ಶುರು. ನಡುವಿನ ನೆನಪಿನ ಭಾಗ ಮುಗಿದ ಮೇಲೆ ಕೊನೆಯ ಪಲ್ಲವಿ ಎ ಮೇಜರ್‌ಗೆ ಏರುತ್ತದೆ. ಕಲಿಯುವಾಗ ಇದನ್ನು ಗಮನಿಸದೆ ಇ ಯಲ್ಲೇ ಮುಂದುವರಿಸಿ, ‘ಕೊನೆ ಯಾಕೋ ಏಳುತ್ತಿಲ್ಲ’ ಅನ್ನುವವರು ಬಹಳ.

ಅನಾಗತ:
ಅಂದರೆ ಷಡ್ಜದಿಂದ ಶುದ್ಧ ಮಧ್ಯಮಕ್ಕೆ ಆಧಾರ ಹಾರಿತು. ಕಛೇರಿಯ ಕೊನೆಗೆ ಮಧ್ಯಮ ಶ್ರುತಿಗೆ ತಿರುಗಿಸಿ ತತ್ವಪದ ಹಾಡುತ್ತಾರಲ್ಲ, ಅದೇ ದೂರ. ಏರಿದ್ದು ಗೊತ್ತಾಗದ ಹಾಗೆ ಏರುವುದೇ ಸೊಗಸು. ಇಷ್ಟೆಲ್ಲ ಆಗುವುದು ಸುಮಾರು ಎರಡೂವರೆ ನಿಮಿಷದೊಳಗೆ.

ಎರಡನೇಮಗ್ಗುಲು:
ಎಲ್ಲರೂ ಮೊದಲ ಮಗ್ಗುಲನ್ನೇ ಹೊಗಳಿ ಎದ್ದು ಹೋಗುತ್ತಾರೆ. ನನ್ನ ತಕರಾರು ಮರ್ಡಿನ್ ಮೇಲೆ. ತಾಳದ ಪಟ್ಟಿಯ (ಡ್ರಮ್ಮು, ಬೇಸ್, ಗಿಟಾರಿನ ಮುದ್ರಣ) ಮೇಲೆ ಹೊದಿಸಿದ ತಂತಿವಾದ್ಯ ಕೆಲವು ಕಡೆ ಭಾರವಾಯಿತು. ‘ದ ವಿಂಡ್‌ಮಿಲ್ಸ್ ಆಫ್ ಯುವರ್ ಮೈಂಡ್’ ಮಿಶೆಲ್ ಲೆಗ್ರಾಂಡ್‌ನ ಒಳ್ಳೆಯ ರಾಗ, ಸಿನಿಮಾಕ್ಕೆ ಆಸ್ಕರ್ ತಂದ ಹಾಡು. ಆದರೆ ಮೆಂಫಿಸ್ ವಾದಕರ ಕೈಗೆ ಅದನ್ನು ಕೊಟ್ಟದ್ದು ಬಿರಿಯಾನಿ ಭಟ್ಟರ ಕೈಲಿ ಒಬ್ಬಟ್ಟು ಮಾಡಿಸಿದ ಹಾಗಿದೆ. ಕೆಟ್ಟಿಲ್ಲ, ಅವರ ಕೈಗುಣ ಮಾತ್ರ ಕಾಣುವುದಿಲ್ಲ.

ಪ್ಲೇಟುಪೆಟ್ಟಿಗೆ:
ಒಬ್ಬಟ್ಟಿನ ಮಾತು ಒಪ್ಪುವುದಿಲ್ಲ. ಆ ಹಾಡಿನ ಸಾಹಿತ್ಯ ಸುತ್ತಿಕೊಂಡು ಸುತ್ತಿಕೊಂಡು ಹೋಗುವಂಥದ್ದು. ಮೊದಲು ನಿಧಾನವಾಗಿ ಶುರುವಾಗಿ, ಆಮೇಲೆ ತಾಳ ಹಿಡಿದುಕೊಂಡು ಜೋರಾಗುತ್ತ ಹೋಗುವುದರಿಂದಲೇ ತಲೆ ಸುತ್ತುವ ಭಾವ ಬರುತ್ತದೆ. ಸಿಂಗಲ್ ಆಗಿಯೂ ಅದು ಅಮೆರಿಕದಲ್ಲಿ 31ರವರೆಗೆ ಹೋಗಿದೆ. ಮಿಶ್ರಣ ಹದ ತಪ್ಪಿದೆ ಅನ್ನಬೇಕಾದರೆ ‘ಇನ್ ದ ಲ್ಯಾಂಡ್ ಆಫ್ ಮೇಕ್ ಬಿಲೀವ್’ ಹೇಳಿ, ಒಪ್ಪುತ್ತೇನೆ.

ಅನಾಗತ:
ಅದನ್ನು ಬೈಯಬೇಡಿ, ಅದರಲ್ಲಿ ನಮ್ಮ ಕಿವಿಗೆ ಒಂದು ವಿಶೇಷವಿದೆ. ಅಲ್ಲಿ ಕೇಳುವ ಜುಂಯ್‌ಗುಟ್ಟುವ ತಂತಿ ಎಲೆಕ್ಟ್ರಿಕ್ ಸಿತಾರ್, ನುಡಿಸಿದ್ದು ರೆಜ್ಜಿ ಯಂಗ್. ಆ ಕಾಲದಲ್ಲಿ ಕೋರಲ್ ಎಂಬ ಹೆಸರಿನಲ್ಲಿ ಬರುತ್ತಿದ್ದ ವಾದ್ಯ: ಗಿಟಾರಿನ ಹಾಗೇ ಆರು ತಂತಿ, ಪಕ್ಕದಲ್ಲಿ 13 ಅನುರಣನದ ತಂತಿ. ಗುಟ್ಟು ಇರುವುದು ಅದರ ಕುದುರೆಯಲ್ಲಿ, ಅಂದರೆ ತಂತಿ ಒರಗುವ ಪಟ್ಟಿಯಲ್ಲಿ. ಚೂಪಾದ ಅಂಚಿನ ಬದಲು ಅಗಲವಾದ ಚಪ್ಪಟೆ ಕುದುರೆ, ತಂತಿ ಅದರ ಮೇಲೆ ಸವರಿಕೊಂಡು ಕಂಪಿಸುವುದರಿಂದ ಆ ಝೇಂಕಾರ. ತಂಬೂರಿಯ ಕುದುರೆಯ ಮೇಲೆ ಹತ್ತಿಯ ಎಳೆ ಇಟ್ಟು ಜೀವಾ ಕೂಡಿಸುವವರಿಗೆ ಇದು ಕೂಡಲೇ ಹೊಳೆಯುತ್ತದೆ. ತಂಬೂರಿಯಲ್ಲಿ ಎಳೆಯನ್ನು ಒಂದು ಕೂದಲಷ್ಟು ಹಿಂದೆ ಮುಂದೆ ಸರಿಸಿ ಪ್ರತಿ ತಂತಿಗೂ ಬೇರೆ ಜೀವ ಕೊಡಬಹುದು, ಕೋರಲ್‌ನಲ್ಲಿ ಎಲ್ಲಕ್ಕೂ ಒಂದೇ ಹಲಗೆ. ಅದಕ್ಕೇ ಅದರ ಝೇಂಕಾರ ಬೇಗ ಏಳುತ್ತದೆ, ಬೇಗ ಸಾಯುತ್ತದೆ. ಹಾಡಿನ ಹಿಂದೆ ಚುಕ್ಕಿ ಇಟ್ಟ ಹಾಗೆ ಕೇಳಿಸುವುದು ಅದರಿಂದ. ನಿಜವಾದ ಸಿತಾರ್ ಅಲ್ಲಿದ್ದರೆ ಡಸ್ಟಿಯ ದನಿಯ ಮೇಲೆ ಹತ್ತಿ ಕೂರುತ್ತಿತ್ತು.

ಹಾಗೆ ನೋಡಿದರೆ ಭಾರತದ ನಂಟು ಇನ್ನೊಂದಿದೆ. ಡಸ್ಟಿಯ ತಂದೆ ಬ್ರಿಟಿಷ್ ಇಂಡಿಯಾದಲ್ಲಿ ಬೆಳೆದವರು. ಮಗಳ ಕೈ ಹಿಂಬದಿಯಲ್ಲಿ ಲಯ ತಟ್ಟಿ ‘ಇದು ಯಾವ ಸಂಗೀತ ಹೇಳು’ ಅಂತ ಕೇಳುತ್ತಿದ್ದರಂತೆ. ಆ ಲಯಜ್ಞಾನ ಎಲ್ಲಿಂದ ಬಂತು ಅನ್ನುವುದಕ್ಕೆ ಅಷ್ಟು ಸಾಕು.

ಹೊಸಕಿವಿ:
ಮೆಂಫಿಸ್‌ನಲ್ಲಿ ಆ ವಾದಕರ ಎದುರು ನಿಂತು ಹಾಡಿದ್ದಕ್ಕೇ ಅಷ್ಟು ಹೊಂದಿಕೆ ಬಂದಿದೆ ಅಂತ ಒಂದು ಕಡೆ ಓದಿದೆ.

ಪ್ಲೇಟುಪೆಟ್ಟಿಗೆ:
ತಪ್ಪು. ಆಲ್ಬಮ್ಮಿನ ಹೆಸರೇ ಅರ್ಧ ಸುಳ್ಳು. ತಾಳದ ಪಟ್ಟಿ ಮೆಂಫಿಸ್‌ನದು, ನಾವು ಕೇಳುವ ಅವಳ ದನಿ ನ್ಯೂಯಾರ್ಕ್‌ನಲ್ಲಿ ಆಮೇಲೆ ತುಂಬಿದ್ದು. ವಿಲ್ಸನ್ ಪಿಕೆಟ್‌ನಂಥವರು ನಿಂತು ಹಾಡಿದ ಜಾಗದಲ್ಲಿ ತಾನೂ ನಿಲ್ಲಬೇಕು ಅನ್ನುವುದೇ ಅವಳ ಗಂಟಲು ಕಟ್ಟಿಸಿತು.

ಹಾಡು ಆರಿಸುವಾಗಲೇ ಇದರ ಸುಳಿವು ಸಿಕ್ಕಿತ್ತು. ವೆಕ್ಸ್ಲರ್ ತಿಂಗಳುಗಟ್ಟಲೆ ಕೂಡಿಹಾಕಿದ ಡೆಮೊಗಳ (ಹಾಡಿನ ಮಾದರಿ ಮುದ್ರಣ) ಗುಡ್ಡೆಯನ್ನೇ ಅವಳ ಮುಂದೆ ಸುರಿದ, ಅವಳು ಒಂದನ್ನೂ ಒಪ್ಪಲಿಲ್ಲ. ಮುಂದಿನ ಸಲ ಬಂದಾಗ ಅದೇ ಗುಡ್ಡೆಯಿಂದ ಹೆಕ್ಕಿದ ಇಪ್ಪತ್ತನ್ನು ಹೊಸತೆಂಬಂತೆ ಕೇಳಿಸಿದ, ಎಲ್ಲ ಇಷ್ಟವಾದವು. ಇದು ವೆಕ್ಸ್ಲರ್ ಹೇಳುವ ಕಥೆ, ಅವನ ಕಡೆಯಿಂದಷ್ಟೇ. ಇಂಗ್ಲೆಂಡಿನಲ್ಲಿ ಅವಳು ಸ್ಟುಡಿಯೋದಲ್ಲಿ ಪ್ರತಿ ವಾದ್ಯದ ಸದ್ದನ್ನೂ ತಾನೇ ತಿದ್ದುತ್ತಿದ್ದವಳು, ದಾಖಲೆಯಲ್ಲಿ ಮಾತ್ರ ಹೆಸರು ಬೇರೆಯವರದು. ಮೆಂಫಿಸ್‌ನಲ್ಲಿ ಮೊದಲ ಸಲ ಮೂವರು ಘಟಾನುಘಟಿಗಳ ಕೈಗೆ ಲಗಾಮು ಕೊಟ್ಟು ಕೂರಬೇಕಾಯಿತು. ಹೆದರಿಕೆ ಅನ್ನುವುದಕ್ಕಿಂತ ಕೆಲಸದ ರೀತಿಯೇ ಬೇರೆಯಾದದ್ದು ಅಂತ ನೋಡುವುದು ನ್ಯಾಯ.

ಬೇಸ್‌ತಂತಿ:
ಹಾಡುವವರಿಗೆ ಇಲ್ಲೊಂದು ತಾಂತ್ರಿಕ ಸಂಗತಿ. ದನಿ ತುಂಬುವಾಗ ಅವಳು ಹೆಡ್‌ಫೋನಿನಲ್ಲಿ ವಾದ್ಯಗಳನ್ನು ವಿಪರೀತ ಜೋರಾಗಿ ಹಾಕಿಸಿಕೊಳ್ಳುತ್ತಿದ್ದಳು, ತನ್ನ ದನಿ ತನಗೇ ಕೇಳದಷ್ಟು. ಮನೆಯಲ್ಲಿ ರೆಕಾರ್ಡ್ ಮಾಡುವವರು ಇದನ್ನು ಅನುಕರಿಸಬೇಡಿ. ಟ್ರ್ಯಾಕ್ ಜೋರಾದರೆ ಸಾಮಾನ್ಯವಾಗಿ ಎರಡು ಅನಾಹುತ: ಶ್ರುತಿ ಜಾರುತ್ತದೆ, ಹೆಡ್‌ಫೋನಿನಿಂದ ಸೋರಿದ ತಾಳ ಮೈಕಿಗೆ ಹತ್ತುತ್ತದೆ. ಹೆಡ್‌ಫೋನಿನ ಒಂದು ಕಿವಿ ಅರ್ಧ ಸರಿಸಿ, ಟ್ರ್ಯಾಕನ್ನು ನಿಮ್ಮ ದನಿಗಿಂತ ಸ್ವಲ್ಪವೇ ಕೆಳಗಿಡಿ. ಅವಳಿಗೆ ಅದು ದಕ್ಕಿದ್ದು ಕಂಠದ ಸ್ನಾಯುವಿನ ನೆನಪು ಅಷ್ಟು ಗಟ್ಟಿಯಿದ್ದುದರಿಂದ.

ಕರ್ನಾಟಕ ಸಂಗೀತ ಕಲಿತವರು ಈ ಹಾಡುಗಳನ್ನು ಹಾಡುವಾಗ ಎಡವುವುದು ಗಮಕದಲ್ಲಿ. ಪ್ರತಿ ಸ್ವರವನ್ನೂ ಅಲ್ಲಾಡಿಸುತ್ತಾರೆ. ಡಸ್ಟಿ ಸಾಲಿನ ಹೆಚ್ಚಿನ ಭಾಗ ನೇರವಾಗಿ ಹಾಡಿ ಕೊನೆಯ ಪದಕ್ಕೆ ಮಾತ್ರ ಒಂದು ಸಣ್ಣ ಜಾರು ಕೊಡುತ್ತಾಳೆ, ಕಂಪನವೂ ಸ್ವರ ನಿಂತ ಮೇಲೆ ತಡವಾಗಿ ಬರುತ್ತದೆ. ‘ಐ ಡೋಂಟ್ ವಾಂಟ್ ಟು ಹಿಯರ್ ಇಟ್ ಎನಿಮೋರ್’ ತೆಗೆದುಕೊಂಡು ಮೊದಲ ಚರಣವನ್ನು ಒಂದೂ ಗಮಕವಿಲ್ಲದೆ ಹಾಡಿ ರೆಕಾರ್ಡ್ ಮಾಡಿ. ಆಮೇಲೆ ಸಾಲಿಗೆ ಒಂದೇ ಅಲಂಕಾರ ಅಂತ ಲೆಕ್ಕ ಇಟ್ಟುಕೊಂಡು ಸೇರಿಸಿ.

ಎರಡನೇಮಗ್ಗುಲು:
ಆ ಹಾಡಿನ ಬಗ್ಗೆ ಮಾತ್ರ ನನ್ನಿಂದ ತಕರಾರಿಲ್ಲ. ರ‍್ಯಾಂಡಿ ನ್ಯೂಮನ್ ಬರೆದದ್ದು. ವಠಾರದ ತೆಳು ಗೋಡೆಯಾಚೆಯಿಂದ ಅಕ್ಕಪಕ್ಕದವರು ಅವಳ ಗಂಡಿನ ಬಗ್ಗೆ ಆಡಿಕೊಳ್ಳುವುದು ಅವಳ ಕಿವಿಗೆ ಬೀಳುತ್ತದೆ. ಹಿಂದಿನ ಗಾಯಕಿಯರನ್ನು ಬರಿ ಮೇಳ ಅಂತ ಕೇಳಬೇಡಿ, ಆ ಪಕ್ಕದ ಮನೆಯವರು ಅಂತ ಕೇಳಿ. ಹಾಡು ಪೂರ್ತಿ ಬೇರೆಯಾಗುತ್ತದೆ. ವಠಾರದಲ್ಲಿ ಬಾಳಿದವರಿಗೆ ವಿವರಣೆ ಬೇಡ.

ಹನ್ನೊಂದರಲ್ಲಿ ನಾಲ್ಕು ಹಾಡು ಜೆರ್ರಿ ಗಾಫಿನ್, ಕೆರೋಲ್ ಕಿಂಗ್ ಜೋಡಿಯದು. ‘ನೋ ಈಸಿ ವೇ ಡೌನ್’ ಅನ್ನು ಕೆರೋಲ್ ಕಿಂಗ್ ತಾನೇ 1970ರ ‘ರೈಟರ್’ ಆಲ್ಬಮ್ಮಿನಲ್ಲಿ ಹಾಡಿದ್ದಾಳೆ. ಎರಡನ್ನೂ ಬೆನ್ನು ಬೆನ್ನಿಗೆ ಕೇಳಿ. ಬರೆದವಳು ಹಾಡಿದ್ದು ಸಮಾಧಾನದ ಮಾತಿನ ಹಾಗಿದೆ, ಡಸ್ಟಿ ಹಾಡಿದ್ದು ಮೆಟ್ಟಿಲ ಮೇಲಿಂದ ಕೆಳಗೆ ನೋಡಿದವಳ ಹಾಗಿದೆ.

ಹೊಸಕಿವಿ:
ಪ್ರೀಚರ್ ಮ್ಯಾನ್ ಮೊದಲು ಅರೀತಾಳದ್ದು, ಡಸ್ಟಿಯದು ಮರುಹಾಡಿಕೆ, ಅಲ್ಲವೇ?

ಅನಾಗತ:
ಉಲ್ಟಾ. ಜಾನ್ ಹರ್ಲಿ ಮತ್ತು ರಾನಿ ವಿಲ್ಕಿನ್ಸ್ ಬರೆದ ಹಾಡು ಮೊದಲು ಹೋದದ್ದು ಅರೀತಾಳ ಬಳಿಗೆ, ಹೌದು. ಆದರೆ ಅವಳು ಬಿಟ್ಟಳು. ಡಸ್ಟಿ ಹಾಡಿ ಹೆಸರಾದ ಮೇಲೆ ಅರೀತಾ ತಾನೂ ಹಾಡಿದಳು, ಅದು 1970ರಲ್ಲಿ ಬಂತು. ಅವಳ ತಂದೆ ಸಿ. ಎಲ್. ಫ್ರಾಂಕ್ಲಿನ್ ಡೆಟ್ರಾಯಿಟಿನ ಹೆಸರಾಂತ ಪಾದ್ರಿ. ಪಾದ್ರಿಯ ಮಗನ ಹಾಡನ್ನು ಪಾದ್ರಿಯ ಮಗಳು ಹಾಡುವುದರಲ್ಲಿ ಬೇರೆಯೇ ರುಚಿ ಇದೆ. ಲಂಡನ್ನಿನ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ ಡಸ್ಟಿಗೆ ಆ ಕಥೆ ಹೊರಗಿನದು. ಅದಕ್ಕೇ ಅವಳು ಅದನ್ನು ನೆನಪಿನ ಹಾಗೆ, ಅರ್ಧ ನಗುತ್ತ ಹೇಳುತ್ತಾಳೆ.

ಮುಳ್ಳುಮೊನೆ:
ಕೊಳ್ಳುವ ಮಾತಿಗೆ ಬರೋಣ. ಅಮೆರಿಕದ ಮೊದಲ ಸ್ಟೀರಿಯೋ ಎಲ್‌ಪಿಯ ಸಂಖ್ಯೆ ಅಟ್ಲಾಂಟಿಕ್ ಎಸ್‌ಡಿ 8214. ಲೇಬಲ್ ಹಸಿರು ಮತ್ತು ಕೆಂಪು, ಕೆಳ ಅಂಚಿನಲ್ಲಿ 1841 ಬ್ರಾಡ್‌ವೇ ವಿಳಾಸ ಇರಬೇಕು. 75 ರಾಕ್‌ಫೆಲ್ಲರ್ ಪ್ಲಾಜಾ ಅಂತಿದ್ದರೆ ಎಪ್ಪತ್ತರ ದಶಕದ ನಡುವಿನ ಆಮೇಲಿನದು. ಮಾರುವವರು ಎರಡಕ್ಕೂ ‘ಒರಿಜಿನಲ್’ ಅನ್ನುತ್ತಾರೆ, ಲೇಬಲ್ಲಿನ ಫೋಟೋ ಕೇಳಿ ನೋಡಿ. ಬ್ರಿಟನ್ನಿನದು ಫಿಲಿಪ್ಸ್ ಎಸ್‌ಬಿಎಲ್ 7889.

ಪ್ರತಿ ಹೇಗಿದೆ ಅಂತ ತಿಳಿಯಲು ಮೊದಲ ಹಾಡು ಹಾಕಿ ನೋಡುವುದು ಸಾಲದು. ಮಗ್ಗುಲಿನ ಕೊನೆಯ ಹಾಡು ಹಾಕಿಸಿ: ಮೊದಲ ಮಗ್ಗುಲಲ್ಲಿ ‘ಬ್ರೇಕ್‌ಫಸ್ಟ್ ಇನ್ ಬೆಡ್’, ಎರಡನೆಯದರಲ್ಲಿ ‘ಐ ಕಾಂಟ್ ಮೇಕ್ ಇಟ್ ಅಲೋನ್’. ಪ್ಲೇಟಿನ ಒಳಸುತ್ತು ಚಿಕ್ಕದು, ಒಂದು ಸುತ್ತಿಗೆ ಸಿಗುವ ಗೆರೆಯ ಉದ್ದ ಕಮ್ಮಿ. ಅದೇ ಸದ್ದು ಇಕ್ಕಟ್ಟಾದ ಜಾಗದಲ್ಲಿ ಕೂತಿರುವುದರಿಂದ ಸವೆತ ಮೊದಲು ಅಲ್ಲೇ ಕಾಣುತ್ತದೆ. ಡಸ್ಟಿಯ ‘ಸ’ಕಾರಗಳು ‘ಶ್ಶ್’ ಅಂತ ಹರಿದ ಬಟ್ಟೆಯಂತೆ ಕೇಳಿಸಿದರೆ ಹಿಂದಿನವರು ಭಾರದ ಮುಳ್ಳಿನಲ್ಲಿ ತಿರುಗಿಸಿ ತಿರುಗಿಸಿ ಕೊರೆದಿದ್ದಾರೆ ಅಂತ ಅರ್ಥ. ಅದನ್ನು ಯಾವ ತೊಳೆತವೂ ಸರಿ ಮಾಡದು.

ಆದರೆ ಹೊಸ ಪ್ಲೇಟಿನಲ್ಲೂ ಹಾಗೆ ಕೇಳಿಸಿದರೆ ನಿಮ್ಮ ಮುಳ್ಳನ್ನು ನೋಡಿ. ಆಡಿಯೋ ಟೆಕ್ನಿಕಾ ವಿಎಂ95ಇ ಥರದ, ಮುಳ್ಳನ್ನು ಹಿಡಿದಿರುವ ಸಾಮಾನ್ಯ ಕಾರ್ಟ್ರಿಜ್‌ಗೆ 2 ಗ್ರಾಂ ಭಾರ ಸರಿ. ಹಗುರವಾದರೆ ಪ್ಲೇಟು ಉಳಿಯುತ್ತದೆ ಅಂತ 1.5ಕ್ಕೆ ಇಳಿಸುವವರಿದ್ದಾರೆ. ಮುಳ್ಳು ಗೆರೆಯಲ್ಲಿ ಕುಣಿಯುತ್ತದೆ, ಗೋಡೆ ಇನ್ನೂ ಬೇಗ ಹಾಳಾಗುತ್ತದೆ. ಭಾರ ಸರಿಯಿದ್ದೂ ‘ಸ’ ಸೀಳಿದರೆ ಕಾರ್ಟ್ರಿಜ್ ಓರೆಯಾಗಿದೆ, ಅಳತೆಯ ಹಾಳೆ ಇಟ್ಟು ಒಳಸುತ್ತಿನ ಬಿಂದುವಿನಲ್ಲಿ ನೇರ ಮಾಡಿ. ಎಡ ಬಲಗಳಲ್ಲಿ ಒಂದೇ ಕಡೆ ಸೀಳಿದರೆ ಆಂಟಿಸ್ಕೇಟ್ (ಮುಳ್ಳಿನ ತೋಳು ಒಳಕ್ಕೆ ಎಳೆಯದಂತೆ ತಡೆಯುವ ಹೊಂದಿಕೆ) ತಪ್ಪಿದೆ.

ಹೊಸಕಿವಿ:
ಮಳೆಗಾಲ ಬಂದರೆ ಪ್ಲೇಟಿನ ಮೇಲೆ ಬೂದಿಬಣ್ಣದ ಚುಕ್ಕೆ ಏಳುತ್ತದೆ. ಒರೆಸಿದರೆ ಸಾಕೇ?

ಮುಳ್ಳುಮೊನೆ:
ಮಲೆನಾಡು, ಕರಾವಳಿಯ ಮಾಮೂಲು ಕಾಟ ಅದು, ಬೂಷ್ಟು. ಒಣಬಟ್ಟೆಯಲ್ಲಿ ಒರೆಸಿದರೆ ಗೆರೆಯೊಳಗೆ ತಳ್ಳಿದ ಹಾಗಾಗುತ್ತದೆ. 800 ಮಿಲಿ ಬಟ್ಟಿ ಇಳಿಸಿದ ನೀರು, 200 ಮಿಲಿ ಐಸೊಪ್ರೊಪೈಲ್ ಆಲ್ಕೋಹಾಲ್, ವಾಸನೆಯಿಲ್ಲದ ಪಾತ್ರೆ ಸೋಪಿನ ದ್ರವ ಎರಡೇ ಹನಿ. ಮೈಕ್ರೋಫೈಬರ್ ಬಟ್ಟೆ ಅದ್ದಿ ಗೆರೆ ಹೋದ ದಿಕ್ಕಿಗೇ ಉಜ್ಜಿ, ಎರಡು ನಿಮಿಷ ಬಿಟ್ಟು ಬರಿ ಬಟ್ಟಿ ಇಳಿಸಿದ ನೀರಿನಲ್ಲಿ ಇನ್ನೊಮ್ಮೆ. ಈ ಎರಡನೇ ತೊಳೆತ ಬಿಟ್ಟರೆ ಸೋಪು ಒಣಗಿ ಮುಳ್ಳಿನ ತುದಿಗೆ ಅಂಟುತ್ತದೆ. ನಲ್ಲಿ ನೀರು ಬೇಡ, ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಸುಣ್ಣದಂಶ ಉಳಿದು ಚಟಪಟ ಶುರುವಾಗುತ್ತದೆ. ಮತ್ತೆ ನೆನಪಿಡಿ, ಅಜ್ಜನ ಕಾಲದ 78 ಆರ್‌ಪಿಎಂ ಅರಗಿನ ಪ್ಲೇಟಿಗೆ ಈ ದ್ರವ ತಾಕಿಸಬಾರದು, ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ.

ಹಳೆಯ ಒಳಚೀಲದಲ್ಲಿ ಮತ್ತೆ ಹಾಕಬೇಡಿ, ಬೂಷ್ಟಿನ ಬೀಜ ಅಲ್ಲೇ ಇರುತ್ತದೆ. ಪಿವಿಸಿ ಹೊರಚೀಲ ಸೆಖೆಗೆ ಪ್ಲೇಟಿನ ಮೈಮೇಲೆ ಮಂಜು ಹಿಡಿಸುತ್ತದೆ, ಪಾಲಿಥೀನ್ ಇರಲಿ.

ಎರಡನೇಮಗ್ಗುಲು:
ಪ್ಲೇಟು ಇಲ್ಲದವರಿಗೆ: ಸ್ಟ್ರೀಮಿಂಗ್‌ನಲ್ಲಿ ಸಿಗುವ ಡಿಲಕ್ಸ್ ಆವೃತ್ತಿಯ ಮೂಲ ರೈನೋ ಕಂಪನಿಯ 1999ರ ಸಿಡಿ. ಅದರಲ್ಲಿ ಮೂಲದ 11 ಹಾಡಿನ ಬೆನ್ನಿಗೆ ಇನ್ನೂ 14 ಇವೆ. ಮೊದಲ ಸಲ ಹನ್ನೊಂದಕ್ಕೆ ನಿಲ್ಲಿಸಿ, ಇಲ್ಲದಿದ್ದರೆ ಆಲ್ಬಮ್ಮಿನ ಆಕಾರವೇ ತಲೆಗೆ ಹತ್ತುವುದಿಲ್ಲ. ಮಿಕ್ಕವನ್ನು ಬೇರೆ ದಿನ ಕೇಳಿ. ಅವುಗಳಲ್ಲಿ ಕೆಲವು ಜೆಫ್ ಬ್ಯಾರಿ ನಿರ್ಮಿಸಿದ, ಆ ಕಾಲದಲ್ಲಿ ಬಿಡುಗಡೆಯಾಗದೇ ಹೋದ ಆಲ್ಬಮ್ಮಿನವು. ಅಟ್ಲಾಂಟಿಕ್‌ನ ಟೇಪುಗಳು 1978ರಲ್ಲಿ ನ್ಯೂಜೆರ್ಸಿಯ ಗೋದಾಮಿನ ಬೆಂಕಿಗೆ ಹೋದವು, ಬ್ಯಾರಿ ತನ್ನ ಬಳಿ ಇಟ್ಟುಕೊಂಡಿದ್ದ ಪ್ರತಿಯಿಂದ ಇವು ಬದುಕಿದವು.

ಮುಂದೆ ಏನು ಕೇಳಬೇಕು ಅಂದರೆ 1970ರ ‘ಎ ಬ್ರಾಂಡ್ ನ್ಯೂ ಮಿ’. ಫಿಲಡೆಲ್ಫಿಯಾದಲ್ಲಿ ನಿರ್ಮಾಪಕರಾದ ಗ್ಯಾಂಬಲ್ ಮತ್ತು ಹಫ್ ಜೊತೆ ಮಾಡಿದ್ದು, ಇದಕ್ಕಿಂತ ಹಗುರ, ತಂತಿವಾದ್ಯ ಇನ್ನೂ ನಯ. 2008ರಲ್ಲಿ ಅಮೆರಿಕದ ಗಾಯಕಿ ಶೆಲ್ಬಿ ಲಿನ್ ಡಸ್ಟಿಯ ಹಾಡುಗಳನ್ನೇ ‘ಜಸ್ಟ್ ಎ ಲಿಟಲ್ ಲವಿನ್’ ಹೆಸರಿನಲ್ಲಿ ಹಾಡಿದಳು, ತಂತಿಗಳನ್ನೆಲ್ಲ ಕಿತ್ತುಹಾಕಿ. ಮರ್ಡಿನ್ ಮೇಲಿನ ನನ್ನ ತಕರಾರು ಸರಿಯೋ ಅಲ್ಲವೋ ಅಂತ ಅದನ್ನು ಕೇಳಿ ಹೇಳಿ.

ಅನಾಗತ:
ಕೇಳಿದ್ದೇನೆ. ಧ್ವನಿಮುದ್ರಣ ಕನ್ನಡಿಯಷ್ಟು ಸ್ವಚ್ಛ, ಆದರೆ ಹಾಡುಗಾರ್ತಿ ಒರಗಲು ಏನೂ ಇಲ್ಲದೆ ಬಯಲಲ್ಲಿ ನಿಂತ ಹಾಗಿದೆ. ಮರ್ಡಿನ್‌ಗೆ ಎಲ್ಲಿ ಹಿಡಿತ ಬೇಕೆಂದು ಗೊತ್ತಿತ್ತು. 2002ರಲ್ಲಿ ರವಿಶಂಕರ್ ಮಗಳು ನೋರಾ ಜೋನ್ಸ್‌ಳ ಮೊದಲ ಆಲ್ಬಂ ನಿರ್ಮಿಸಿದವನೂ ಅವನೇ, ಅಲ್ಲಿ ವಾದ್ಯ ಎಷ್ಟು ಕಮ್ಮಿ ನೋಡಿ.

ಹೊಸಕಿವಿ:
ಬ್ರೇಕ್‌ಫಸ್ಟ್ ಇನ್ ಬೆಡ್ ಪರೀಕ್ಷೆ ಮಾಡಿದೆ. ಒಂದು ವಿಷಯ: ಬ್ಲೂಟೂತ್ ಸ್ಪೀಕರಿನಲ್ಲಿ ಬರಿ ಬೇಸ್ ಕೇಳಿಸಿತು, ತಂತಿಯ ಇಯರ್‌ಫೋನಿನಲ್ಲಿ ಅವಳು ಸಾಲಿಗೆ ಮುಂಚೆ ಎಳೆದುಕೊಳ್ಳುವ ಉಸಿರು ಕೇಳಿಸಿತು.

ಬೇಸ್‌ತಂತಿ:
ಇನ್ನೊಂದು ಸಲ ಹಾಕಿ, ಈಗ ಆ ಉಸಿರಿನ ಹೊತ್ತಿಗೆ ರೆಜ್ಜಿ ಯಂಗ್ ಏನು ಮಾಡುತ್ತಾನೆ ಅಂತ ಮಾತ್ರ ಕೇಳಿ.